ಹೊಳೆಯುವ ಗಾಲಿಯ ಗಂಡು

ಹಳೆಯ ಕಾರಿಗೆ ಹೊಸ ಗಾಲಿ ಹಾಕಿಸಿ ಮೆರೆಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ಕಾರಣ ಶಿಗ್ಗಾವಿಯ ಒಬ್ಬ ಗಂಡು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವನು ನಮ್ಮ ಅಕ್ಕನನ್ನು ನೋಡಲು ಅಕ್ಕಿಆಲೂರಿಗೆ ಬಂದಿದ್ದ. ಮೊದಲು ಅವನ ಗಾಲಿಗಳು ಬಂದವು, ಅವುಗಳ ಹಿಂದೆ ಅವನೂ ಬಂದ ಎಂದರೆ ಸರಿ.

ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ದಿವಾನಜಿ, ಅಂದರೆ ಲೆಕ್ಕ ಬರೆಯುವವ. ಚಕ್ಕಡಿ ಬಿಟ್ಟರೆ ನಮ್ಮ ಓಣಿಗೆ ಗಾಲಿಯಿದ್ದ ಬೇರೆ ಏನೂ ಬರುತ್ತಿರಲಿಲ್ಲ. ಹೀಗಾಗಿ ಹುಡುಗನ ಮನೆಯಲ್ಲಿ ಸ್ವಂತ ಕಾರಿದೆ ಎಂದು ಮಧ್ಯಸ್ಥರು ಹೇಳಿದ ದಿನದಿಂದ ಅಪ್ಪನ ನಡಿಗೆಯೇ ಬದಲಾಯಿತು. ಹುಡುಗ ಏನು ಓದಿದ್ದಾನೆ, ಎಂಥ ಸ್ವಭಾವದವ ಎಂದು ಒಂದು ಮಾತು ವಿಚಾರಿಸಲಿಲ್ಲ. ಗಿರಣಿಯಲ್ಲಿ ಹಿಡಿ ಭತ್ತವನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಬಾಯಿಗೆ ಹಾಕಿ ಕಡಿದು ನೋಡದೆ ಚೀಲ ಇಳಿಸಿಕೊಳ್ಳದ ಮನುಷ್ಯ, ಮಗಳ ವಿಷಯದಲ್ಲಿ ಕಾರು ಎಂದ ಕೂಡಲೇ ಕಣ್ಣು ಮುಚ್ಚಿಕೊಂಡ.

ಅವತ್ತು, ಇನ್ನೂ ಲಂಗದ ಹುಡುಗಿಯಾಗಿದ್ದ ನಾನು ಊರ ಹೊರಗಿನ ತೋಟದಿಂದ ಹೂ ತರುತ್ತಿದ್ದೆ. ಹಾನಗಲ್ ರಸ್ತೆಯ ಬೇವಿನ ಮರದ ಕೆಳಗೆ ಒಂದು ಮುದಿ ಅಂಬಾಸಿಡರ್ ನಿಂತಿತ್ತು. ಬಣ್ಣ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು, ಹಿಂದಿನ ಬಾಗಿಲನ್ನು ಸುತಳಿಯಿಂದ ಬಿಗಿದಿದ್ದರು. ಆದರೆ ಗಾಲಿಗಳು ಬೇರೆ ಯಾವುದೋ ದೊಡ್ಡ ಗಾಡಿಯವು. ಅಗಲವಾಗಿ ಮಡ್‌ಗಾರ್ಡಿನ ಹೊರಗೆ ಚಾಚಿಕೊಂಡಿದ್ದವು. ಇಸ್ತ್ರಿ ಪ್ಯಾಂಟಿನ ಒಬ್ಬಾತ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಊಟದ ತಾಟಿನಷ್ಟು ದೊಡ್ಡ ಹೊಳೆಯುವ ವೀಲ್ ಕ್ಯಾಪನ್ನು ಗಾಲಿಯ ಮೇಲಿಟ್ಟು, ಕಾಲಿನ ಚಪ್ಪಲಿ ಬಿಚ್ಚಿ ಅದರಿಂದಲೇ ಬಡಿದು ಕೂರಿಸುತ್ತಿದ್ದ. ಆ ಕ್ಯಾಪುಗಳೂ ಆ ಗಾಲಿಗೆ ಮಾಡಿದವಲ್ಲ. ದಾರಿಯಲ್ಲಿ ಉದುರಿ ಹೋಗುತ್ತವೆಂದು ಬಿಚ್ಚಿ ಡಿಕ್ಕಿಯಲ್ಲಿಟ್ಟುಕೊಂಡು ಬಂದು, ಊರು ಸಮೀಪಿಸಿದಾಗ ತೊಡಿಸುತ್ತಿದ್ದ. ಬಾಸಿಂಗ ಕಟ್ಟಿಸಿಕೊಳ್ಳಬೇಕಾದವನು ಗಾಲಿಗೆ ಬಾಸಿಂಗ ಕಟ್ಟುತ್ತಿದ್ದ!

ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದೆ.

"ಸುಮ್ಮಕಿರು, ನಿನ್ನ ಬಾಯಾಗ ಮಣ್ಣ ಹಾಕ. ಕಾರಿನ ಮಂದಿಗೆ ಹಂಗ ಅಂತಾರೇನು?" ಎಂದು ಗದರಿಸಿ ಅವ್ವ ಅವಲಕ್ಕಿಗೆ ಒಗ್ಗರಣೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಕಾರು ಓಣಿಗೆ ಹೊರಳಿತು. ಹೊರಳುವಾಗ ಆ ಅಗಲ ಗಾಲಿ ಮಡ್‌ಗಾರ್ಡಿನ ತಗಡಿಗೆ ತಾಗಿ ಕರ್ರೆಂದು ಕಿರುಚಿತು. ಅಪ್ಪ ಅದನ್ನೂ ದೊಡ್ಡಸ್ತಿಕೆಯ ಸಪ್ಪಳವೆಂದೇ ತಿಳಿದಿರಬೇಕು, ಅಂಗಳಕ್ಕೆ ಇಳಿದು ಎರಡೂ ಕೈ ಜೋಡಿಸಿ ನಿಂತ. "ಬರ್ರಿ, ಬರ್ರಿ, ಒಳಗ ಬರ್ರಿ." ಇಳಿದವರು ಆ ಹುಡುಗ ಮತ್ತು ಅವನ ಅಪ್ಪ. ಮರದ ಕೆಳಗೆ ಚಪ್ಪಲಿಯಿಂದ ಬಡಿಯುತ್ತಿದ್ದವನೇ ಹುಡುಗ.

ಪಡಸಾಲೆಯಲ್ಲಿ ಅವನು ಕಿಟಕಿಗೆ ಮುಖ ಮಾಡಿಯೇ ಕೂತ. ಮಾತೆಲ್ಲ ಗಾಲಿಯದೇ. "ಸವಣೂರಿನಾಗ ಬೆನ್ನ ಹತ್ತಿ ನಿಂತು ಹಾಕಿಸೇನ್ರಿ. ಇಂಥವು ಹಾನಗಲ್ಲಿನ ಸಾವಕಾರರ ಹತ್ರನೂ ಇಲ್ಲ." ಅಪ್ಪ "ಹೌದ್ರಿ, ಹೌದ್ರಿ" ಎಂದು ತಲೆ ಅಲ್ಲಾಡಿಸಿದ. ಅಕ್ಕ ಅವಲಕ್ಕಿ ತಂದಿಟ್ಟು ತಲೆ ತಗ್ಗಿಸಿ ಕೂತಳು. ಓಣಿಯ ಹುಡುಗರು ವೀಲ್ ಕ್ಯಾಪಿನಲ್ಲಿ ತಮ್ಮ ಸೊಟ್ಟ ಮೋರೆ ನೋಡಿಕೊಂಡು ಹಲ್ಲು ಕಿಸಿಯುತ್ತಿದ್ದರು. "ಏಯ್, ಕೈ ಹಚ್ಚಬ್ಯಾಡ್ರಲೇ!" ಎಂದು ಕಿಟಕಿಯಿಂದ ಕೂಗಿ, ಅದೇ ಉಸಿರಿನಲ್ಲಿ ಅಕ್ಕನ ಕಡೆ ಹೊರಳಿ ಅವನು ಒಂದೇ ಒಂದು ಪ್ರಶ್ನೆ ಕೇಳಿದ: "ಕಾರಿನಾಗ ಕುಂತ್ರ ವಾಂತಿ ಆಗ್ತೈತೇನು?"

"ಇಲ್ರಿ" ಎಂದಳು ಅಕ್ಕ. ಎದ್ದು ಒಳಗೆ ಬಂದವಳೇ, "ಅವ್ವಾ, ನಾ ಇವನ್ನ ಒಲ್ಲೆ" ಎಂದಳು. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ನೀರು ಕುಡಿಯಲು ಒಳಗೆ ಬಂದಾಗ ಅಕ್ಕ ಮತ್ತೆ ಹೇಳಿದಳು. "ನಿನಗೇನ ತಿಳಿತೈತಿ? ಬಂದ ಭಾಗ್ಯಾನ ಕಾಲಿಲೆ ಒದೀತೀಯೇನು?" ಎಂದು ಅಪ್ಪ ಹೊರಗೆ ಹೋಗಿ ಒಪ್ಪಿಗೆ ಹೇಳಿಬಿಟ್ಟ. ಸಕ್ಕರೆ ಹಂಚಿದರು. ಅಕ್ಕನ ಕೈಗೂ ಒಂದು ಚಿಟಿಕೆ ಹಾಕಿದರು. ಅವಳು ಅದನ್ನು ಹಿಡಿದುಕೊಂಡೇ ಒಲೆಯ ಮುಂದೆ ಕೂತಳು. ಅದನ್ನು ನೋಡಿ ನನಗೆ ಆ ಕಾರನ್ನು ಸುಟ್ಟುಬಿಡಬೇಕೆನ್ನಿಸಿತು.

ಹೊರಡುವಾಗ, ಬೀಗರ ಗಾಡಿಯನ್ನು ಬರಿದಾಗಿ ಕಳಿಸಬಾರದೆಂದು ಅವ್ವ ಆರತಿ ತಾಟು ಸಿದ್ಧ ಮಾಡಿದಳು. "ನಿನ್ನ ಕೈಯಿಂದನ ಹಚ್ಚವ್ವಾ" ಎಂದು ಅಕ್ಕನನ್ನೇ ಮುಂದೆ ದೂಡಿದಳು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಅಕ್ಕ ಬಗ್ಗಿ, ಮುಂದಿನ ಗಾಲಿಯ ಹೊಳೆಯುವ ಮುಚ್ಚಳಕ್ಕೆ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಳು.

"ಏಯ್, ಏಯ್! ಕಲೆ ಬೀಳ್ತೈತಿ!" ಹುಡುಗ ಹಾರಿ ಬಂದ. ಕರವಸ್ತ್ರ ತೆಗೆದು, ಅದಕ್ಕೆ ಉಗುಳು ಹಚ್ಚಿ, ಕುಂಕುಮವನ್ನು ಒಂದಿಷ್ಟೂ ಉಳಿಯದಂತೆ ಒರೆಸಿದ. ಆಮೇಲೆ ಬಗ್ಗಿ ಮುಚ್ಚಳದಲ್ಲಿ ತನ್ನ ಮುಖ ನೋಡಿಕೊಂಡ. ಅವನ ಅಪ್ಪ ನಗುತ್ತ, "ಭಾಳ ನಾಜೂಕು ನೋಡ್ರಿ ನಮ್ಮ ಹುಡುಗ" ಎಂದ. ಅಕ್ಕ ತಾಟು ಹಿಡಿದು ಹಾಗೆಯೇ ನಿಂತಿದ್ದಳು. ಕಾರು ಕಿರುಚುತ್ತ ಓಣಿ ದಾಟಿತು.

ಅಪ್ಪನ ತಾಯಿ, ನಮ್ಮ ಅಜ್ಜಿ, ವಿಧವೆಯಾದ್ದರಿಂದ ಅಷ್ಟು ಹೊತ್ತೂ ಹೊಸ್ತಿಲ ಒಳಗೇ ನಿಂತು ನೋಡುತ್ತಿದ್ದಳು. ಈಗ ಹೊರಗೆ ಬಂದಳು.

"ನಮ್ಮ ಕೂಸು ಹಚ್ಚಿದ ಕುಂಕುಮಾನ ಮದಿವಿಗಿಂತ ಮೊದಲ ಒರೆಸಿ ಹ್ವಾದ. ನನ್ನ ಹಣಿ ಒರೆಸಿದ ದಿನಾ ನಾ ಇನ್ನೂ ಮರತಿಲ್ಲ. ಈ ಸಂಬಂಧ ಬ್ಯಾಡ."

ಅಪ್ಪನ ಮುಖ ಬಿಳಿಚಿತು. ಹೌದಲ್ಲ, ಎಂಥ ಅಪಶಕುನ, ದೇವರೇ ಕಾಪಾಡಿದ ಎಂದು ಅವ್ವ ಗಲ್ಲ ಗಲ್ಲ ಬಡಿದುಕೊಂಡಳು. ಮರುದಿನ ಬೆಳಗಾಗುವುದರೊಳಗೆ ಮಧ್ಯಸ್ಥರಿಗೆ ಹೇಳಿ ಸಂಬಂಧ ಮುರಿದರು. ಅವನಿಗೆ ಗಾಲಿಯ ಹೊಳಪು ದೊಡ್ಡದು, ನಮ್ಮವರಿಗೆ ಗಾಲಿಯ ಮೇಲಿನ ಕುಂಕುಮ ದೊಡ್ಡದು. ಇಬ್ಬರನ್ನೂ ತೂಗಿ ನೋಡಿದರೆ ಒಂದು ಗುಂಜಿಯೂ ಹೆಚ್ಚುಕಡಿಮೆ ಇರಲಿಲ್ಲ. ಆದರೂ ನಾನು ಕುಣಿದಾಡಿದೆ. ಅಕ್ಕ ಕುಣಿಯಲಿಲ್ಲ. ತಾಟು ತೊಳೆದು ಗೂಡಿನಲ್ಲಿಟ್ಟಳು.

ಮುಂದಿನ ವರ್ಷ ಹಿರೇಕೆರೂರಿನ ಕಡೆಯಿಂದ, ಹಂಸಭಾವಿಯ ಗಂಡು ಬಂದ. ಕಾರು ಗೀರು ಇಲ್ಲ, ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋದ. ಪಡಸಾಲೆಯಲ್ಲಿ ಮಾತು ನಡೆದಿದ್ದಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅಜ್ಜಿ ನೆಲಕ್ಕೆ ಬೆರಳು ತಟ್ಟಿ "ಶುಭ" ಎಂದಳು. ಅಪ್ಪ ಆ ಕ್ಷಣವೇ ಒಪ್ಪಿದ. ಹಲ್ಲಿಗೆ ಸಿಕ್ಕ ಮರ್ಯಾದೆ ನೋಡಿ ನನಗೆ ಹೇಸಿಕೆ ಬಂತು.

ಒಳಗೆ ಹೋಗಿ, ಚಹಾ ಸೋಸುತ್ತಿದ್ದ ಅಕ್ಕನ ಹತ್ತಿರ ಕೂತು ನಾನೇ ಕೇಳಿದೆ: "ಅಕ್ಕಾ, ನಿನಗ ಮನಸೈತೇನು?"

ಅವಳು ನನ್ನ ಮುಖವನ್ನೇ ನೋಡಿದಳು. ಹಿಂದಿನ ವರ್ಷ ಇದೇ ಒಲೆಯ ಮುಂದೆ ಒಲ್ಲೆ ಎಂದು ಬಾಯಿ ಬಿಟ್ಟು ಹೇಳಿದವಳು.

"ಗೊತ್ತಿಲ್ಲವ್ವಾ" ಎಂದಳು. "ವಿಚಾರ ಮಾಡೂದನ್ನ ಬಿಟ್ಟೇನಿ."