ಲಕ್ಷ್ಮೇಶ್ವರದಲ್ಲಿ ಆಫ್ರಿಕಾದ ಕೋಟು

ಎಪ್ಪತ್ತರ ದಶಕದ ಆ ದಿನಗಳಲ್ಲಿ ಬಸ್ಸು ತಡವಾದರೆ ಯಾರಿಗೂ ಬೇಸರವಿರಲಿಲ್ಲ. ಶಿರಹಟ್ಟಿಗೆ ಹೊರಟಿದ್ದ ನಾನು ಲಕ್ಷ್ಮೇಶ್ವರದ ದರ್ಜಿ ಹುಸೇನಸಾಬರ ಅಂಗಡಿಯಲ್ಲಿ ಸುಖವಾಗಿ ಕುಳಿತಿದ್ದೆ. ಎದುರು ಗೋಡೆಯ ಮೇಲೆ ಆಫ್ರಿಕಾದ ರಾಷ್ಟ್ರಾಧ್ಯಕ್ಷರೊಬ್ಬರು, ವಾರಪತ್ರಿಕೆಯಿಂದ ಕತ್ತರಿಸಿ ಅಂಟಿಸಿದವರು, ನಾಲ್ಕು ಜೇಬಿನ ಕೋಟು ತೊಟ್ಟು ವಿರಾಜಮಾನರಾಗಿದ್ದರು. ಶಾಲೆಯ ಮಾಸ್ತರರಾಗಿ, ಜೈಲು ಕಂಡು, ಆಮೇಲೆ ದೇಶ ಆಳಿದವರು. ಸುತ್ತಲಿನ ಮದುವೆ ಗಂಡುಗಳಿಗೆಲ್ಲ ಆಗ ಅವರದೇ ಕೋಟು ಬೇಕು.

ಅಳಿಯನಾಗುವವನ ಕೋಟು ಒಯ್ಯಲು ಬೆಳ್ಳಟ್ಟಿಯ ರೈತ ಬಸಪ್ಪ ಬಂದಿದ್ದ. ಅಷ್ಟರಲ್ಲಿ ಅಂಗಡಿಯ ರೇಡಿಯೋ, ಅದೇ ಅಧ್ಯಕ್ಷರನ್ನು ಸೈನ್ಯ ಕೆಳಗಿಳಿಸಿತೆಂದೂ ಅವರು ದೇಶ ಬಿಟ್ಟರೆಂದೂ ಗಂಭೀರವಾಗಿ ಸಾರಿತು.

"ಕುರ್ಚಿ ಕಳಕೊಂಡಾಂವನ ಕೋಟು ನನ್ನ ಅಳಿಯಗ ಬ್ಯಾಡೋ ಸಾಹೇಬ," ಎಂದ ಬಸಪ್ಪ. "ನಾಳಿ ಲಗ್ನ ಐತಿ. ನನ್ನ ಮಗಳ ಗತಿ ಏನು?"

"ಕುರ್ಚಿ ಹೋತ್ರಿ ಗೌಡ್ರ, ಕೋಟು ಮೈಮ್ಯಾಲೇ ಐತಲ್ಲ," ಎಂದರು ಸಾಬರು.

ಬಸಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದ. "ಓಡಿ ಹೋಗೂ ಮುಂದ ಹೆಂಡ್ತೀನ್ನ ಕರಕೊಂಡು ಹೋಗ್ಯಾನೇನು?"

ಈ ವಿಷಯದಲ್ಲಿ ರೇಡಿಯೋ ಮೌನ ತಾಳಿತ್ತು. ಸಾಬರು ತಾಳಲಿಲ್ಲ. "ಬಿಟ್ಟ ಹೋಗೂ ಮುಖಾನೇನ್ರಿ ಅದು?"

ಬಸಪ್ಪ ಮತ್ತೊಮ್ಮೆ ಆ ಮುಖ ಪರೀಕ್ಷಿಸಿ, "ಹಂಗಾರ ಕಟ್ಟಿ ಕೊಡು," ಎಂದ.