ಸ್ಕೋರ್‌ಬೋರ್ಡ್‌ ಪದದಲ್ಲಿ ಒತ್ತು ಎಲ್ಲಿ?

೧೯೮೪ರಲ್ಲಿ ನಾನು ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಸಹಶಿಕ್ಷಕ. ಒಂಬತ್ತು ವರ್ಷ ಸರ್ವೀಸಾಗಿತ್ತು. ಇಂಗ್ಲಿಷ್ ಪದವನ್ನು ಸಿಲಬಲ್‌ಗಳಾಗಿ, ಅಂದರೆ ಉಚ್ಚಾರದ ತುಂಡುಗಳಾಗಿ ಒಡೆದು, ಯಾವ ತುಂಡಿನ ಮೇಲೆ ದನಿಯ ಒತ್ತು ಬೀಳುತ್ತದೆಂದು ತೋರಿಸುವ ಪಾಠಕ್ಕೆ ನನ್ನ ಹೆಸರು ಹೇಳುತ್ತಿದ್ದರು. ಜೇವರ್ಗಿಯಲ್ಲಿ ನಡೆಯಲಿದ್ದ ಶಿಕ್ಷಕರ ತರಬೇತಿಯಲ್ಲಿ ಅದನ್ನೇ ಮಾಡಿ ತೋರಿಸಲು ನನ್ನನ್ನು ಆರಿಸಿದ್ದರು.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಹಂಚಿದ ದಿನ ಹತ್ತನೇ ತರಗತಿಯ ಮಹಾದೇವಿ ಎದ್ದು ನಿಂತಳು. ಚೌಡಾಪುರದ ದರ್ಜಿಯ ಮಗಳು, ದಿನಾ ಬಸ್ಸಿನಲ್ಲಿ ಬರುವವಳು. ಮೂವತ್ತೆರಡು ಅಂಕ ಬಂದಿತ್ತು. ಪಾಸಿಗೆ ಮೂವತ್ತೈದು ಬೇಕು. ಇಂಗ್ಲಿಷ್‌ನಲ್ಲಿ ಮತ್ತೆ ಫೇಲಾದರೆ ಶಾಲೆ ಸಾಕು ಎಂದು ಮನೆಯಲ್ಲಿ ಹೇಳಿದ್ದರಂತೆ. ಸ್ಕೋರ್‌ಬೋರ್ಡ್, ವಿಕೆಟ್‌ಕೀಪರ್ ಮುಂತಾದ ನಾಲ್ಕು ಜೋಡುಪದಗಳನ್ನು ಸರಿಯಾಗಿ ಒಡೆದಿದ್ದರೂ, ಒತ್ತಿನ ಗುರುತನ್ನು ಮೊದಲ ತುಂಡಿಗೆ ಹಾಕಿದ್ದಳು. ನಾಲ್ಕಕ್ಕೂ ಸೊನ್ನೆ ಕೊಟ್ಟಿದ್ದೆ. ಮುಖ್ಯ ವಸ್ತು ಬೋರ್ಡು, ಆದ್ದರಿಂದ ಒತ್ತೂ ಬೋರ್ಡಿಗೆ ಎಂಬುದು ನಾನೇ ಕಟ್ಟಿಕೊಂಡಿದ್ದ ನಿಯಮ.

"ರೇಡಿಯೋದಾಗ ಕ್ರಿಕೆಟ್ ಹೇಳೋರು ಹಂಗ ಅನ್ನಂಗಿಲ್ರಿ ಸರ್. ಸ್ಕೋರ್ ಅನ್ನೋದು ಜೋರ ಕೇಳ್ತದ, ಬೋರ್ಡ್ ಸಣ್ಣಗ ಕೇಳ್ತದರಿ" ಎಂದಳು.

"ಕೂಡು. ಪೇಪರ್ ತಿದ್ದಾಂವ ನಾನು, ರೇಡಿಯೋ ಅಲ್ಲ."

ತರಗತಿ ನಕ್ಕಿತು. ಅವಳು ತಲೆ ತಗ್ಗಿಸಿ ಕುಳಿತಳು. ಅಂದು ಊಟಕ್ಕೆ ಕುಳಿತಾಗಲೂ ನಾನು ಆ ಪದವನ್ನು ಬಾಯಲ್ಲೇ ಹೊರಳಿಸುತ್ತಿದ್ದೆ. ಭಾನುವಾರ ಮ್ಯಾಚ್ ಇತ್ತು. ಬಸ್ಸು ಹಿಡಿದು ಚೌಡಾಪುರಕ್ಕೆ ಹೋದೆ.

ಅವಳ ತಂದೆ ಮಷೀನು ನಿಲ್ಲಿಸಿ ಗಾಬರಿಯಿಂದ ಎದ್ದರು. "ಬರ್ರಿ ಸರ್, ಕೂಡ್ರಿ. ಹುಡುಗಿ ಏನರ ತಪ್ಪ ಮಾಡ್ಯಾಳೇನ್ರಿ?"

"ಇಲ್ರಿ. ಕ್ರಿಕೆಟ್ ಕೇಳಾಕ ಬಂದೇನಿ."

ಗುಂಡಿ ಹಚ್ಚುತ್ತಿದ್ದ ಮಹಾದೇವಿ ರೇಡಿಯೋದ ದನಿ ಏರಿಸಿದಳು. ಹಿಂದಿ ಮುಗಿದು ಇಂಗ್ಲಿಷ್ ಕಾಮೆಂಟರಿ ಬಂತು. ಸ್ವಲ್ಪ ಹೊತ್ತಿಗೆ ಸ್ಕೋರ್‌ಬೋರ್ಡ್ ಎಂಬ ಮಾತೂ ಬಂತು. ಅವಳು ಹೇಳಿದಂತೆಯೇ ಇತ್ತು.

ಮರುದಿನ ಹೆಡ್‌ಮಾಸ್ತರರ ಕಪಾಟಿನಿಂದ ಉಚ್ಚಾರಣೆಯ ಡಿಕ್ಷನರಿ ತೆಗೆಸಿದೆ. ನಾಲ್ಕೂ ಪದಗಳಿಗೆ ಒತ್ತು ಮೊದಲ ತುಂಡಿನಲ್ಲೇ ಇತ್ತು. ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ಅವಳಿಗೆ ಮೂವತ್ತಾರು ಅಂಕ ಮಾಡಿದೆ. ನಾನು ಕಲಿಸಿದಂತೆ ಬರೆದವರ ಅಂಕ ಕಡಿಮೆ ಮಾಡಲಿಲ್ಲ, ತಪ್ಪು ಅವರದಾಗಿರಲಿಲ್ಲ.

ಜೇವರ್ಗಿಯಲ್ಲಿ ಪಾಠವನ್ನು ಈ ಸಂಗತಿಯಿಂದಲೇ ಶುರು ಮಾಡಿದೆ. "ಒಂಬತ್ತು ವರ್ಷ ತಪ್ಪ ಕಲಿಸೀರೇನ್ರಿ?" ಎಂದು ಹಿರಿಯ ಶಿಕ್ಷಕರೊಬ್ಬರು ಕೇಳಿದರು. "ಹೌದ್ರಿ" ಎಂದೆ. ಅವರು ನಗಲಿಲ್ಲ. ಪೆನ್ನು ತೆಗೆದು, "ನಾನೂ ಹಂಗ ಕಲಿಸಾಕತ್ತೇನಿ. ಇನ್ನೊಮ್ಮೆ ಹೇಳ್ರಿ" ಎಂದರು.

ಮಹಾದೇವಿ ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ಉತ್ತರ ತಪ್ಪೆಂದು ಗೆರೆ ಎಳೆಯುವ ಮೊದಲು, ಹಾಗೇಕೆ ಬರೆದೆ ಎಂದು ಮಕ್ಕಳನ್ನೇ ಕೇಳುವ ರೂಢಿ ನನಗೆ ಅಲ್ಲಿಂದ ಬಂತು. ನಿವೃತ್ತನಾಗುವವರೆಗೂ ಅದನ್ನು ಬಿಡಲಿಲ್ಲ.