ಅತ್ತೆಯ ಲೇತಿಗೊಂದು ತಡೆ

ಇವತ್ತು ಪೀಣ್ಯದಲ್ಲಿ ಮೆಟ್ರೋ ಹತ್ತಿದ ಒಬ್ಬರು ನನ್ನ ಪಕ್ಕದಲ್ಲಿ ಕೂತರು. ತೊಡೆಯ ಮೇಲೆ ಊಟದ ಡಬ್ಬಿಯ ಚೀಲ, ಕೂತ ಎರಡು ನಿಮಿಷಕ್ಕೇ ನಿದ್ದೆ. ಅವರ ಶರ್ಟಿನಿಂದ, ಲೋಹ ಕೊಯ್ಯುವಾಗ ಸುರಿಯುವ ಕಟಿಂಗ್ ಆಯಿಲಿನ ವಾಸನೆ ಬರುತ್ತಿತ್ತು. ನೀವು ಆ ವಾಸನೆ ಕಂಡಿಲ್ಲದಿದ್ದರೆ ಹೇಗೆ ಹೇಳಲಿ? ಕಾದ ಎಣ್ಣೆ, ಬೆವರಿದ ಅಂಗೈಯಲ್ಲಿ ಹಿಡಿದ ಕಬ್ಬಿಣ, ಅದರ ಮೇಲೆ ಒಂದಿಷ್ಟು ಬಟ್ಟೆ ಸೋಪು. ಎದುರಿಗೆ ನಿಂತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ನಾಚಿಕೆಯಿಲ್ಲದೆ ದೀರ್ಘವಾಗಿ ಉಸಿರೆಳೆದುಕೊಂಡೆ. ಮದುವೆಯಾಗಿ ಜಾಲಹಳ್ಳಿಗೆ ಬಂದ ದಿನ ನನ್ನನ್ನು ಬಾಗಿಲಲ್ಲಿ ತಬ್ಬಿಕೊಂಡ ನನ್ನ ಅತ್ತೆಯ ಸೀರೆಗೂ ಇದೇ ವಾಸನೆಯಿತ್ತು.

ಅತ್ತೆಯ ಹೆಸರು ಸುಶೀಲಮ್ಮ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವರು. ಲೋಹದ ತುಂಡನ್ನು ಚಕ್ ಎಂಬ ಮೂರು ಹಲ್ಲಿನ ಹಿಡಿಗೆ ಕಚ್ಚಿಸಿ ಗಿರ್ರನೆ ತಿರುಗಿಸುತ್ತಾ, ಹರಿತವಾದ ಉಳಿ ಸೋಕಿಸಿ ಬೇಕಾದ ಆಕಾರಕ್ಕೆ ತರುವ ಯಂತ್ರವೇ ಲೇತ್. ನಿವೃತ್ತಿಯಾದ ವರ್ಷ ಬೇರೆಯವರು ಕಾಶಿಗೆ ಹೋಗುತ್ತಾರೆ. ಅತ್ತೆ ಹಳೆಯ ಪುಟ್ಟ ಲೇತೊಂದನ್ನು ತಂದು ಹಿತ್ತಲಿನ ಶೀಟಿನ ಕೋಣೆಯಲ್ಲಿ ಕೂರಿಸಿದರು. ಬೀದಿಯವರ ಕುಕ್ಕರಿನ ಗುಬುಟು, ಗ್ರೈಂಡರಿನ ಪಿನ್ನು, ಹೊಲಿಗೆ ಯಂತ್ರದ ಬುಶ್ಶು, ಎಲ್ಲ ಅಲ್ಲಿಗೇ ಬರುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆ ಕೋಣೆಗೆ ಕಾಫಿ ಕೊಂಡೊಯ್ಯುವುದಷ್ಟೇ ನನಗೂ ಯಂತ್ರಕ್ಕೂ ಇದ್ದ ಸಂಬಂಧ.

ಅತ್ತೆಯ ಕಣ್ಣು ಕೆಡಲು ಶುರುವಾದದ್ದು ವಿಚಿತ್ರವಾಗಿ. ಸುತ್ತಲಿನದೆಲ್ಲ ಕಾಣುತ್ತದೆ, ನಡುವಿನದು ಕಾಣುವುದಿಲ್ಲ. "ನಿನ್ ಕಿವಿ ಓಲೆ ಕಾಣತ್ತೆ ಕಣೇ, ಮುಖದ ಮೇಲೆ ಯಾರೋ ಹೆಬ್ಬೆಟ್ಟಲ್ಲಿ ಒರೆಸಿದ ಹಾಗಿದೆ" ಅನ್ನುತ್ತಿದ್ದರು. ಇದಕ್ಕೆ ಔಷಧಿಯಿಲ್ಲ, ನಿಧಾನ ಮಾಡಬಹುದಷ್ಟೇ ಎಂದರು ಡಾಕ್ಟರು. ಅತ್ತೆ ತಲೆಯನ್ನು ಕೊಂಚ ಓರೆ ಮಾಡಿ ನೋಡುವುದನ್ನು ರೂಢಿಸಿಕೊಂಡು, ಲೇತಿನ ಮುಂದೆ ಹಾಗೇ ನಿಲ್ಲುತ್ತಿದ್ದರು. ನಾವೂ ಅದನ್ನು ನೋಡಿಯೂ ನೋಡದಂತಿದ್ದೆವು.

ಹಿಂದಿನ ಬೀದಿಯ ಮುನಿಯಮ್ಮ ಅತ್ತೆಯ ಗೆಳತಿ. ಈ ಬಡಾವಣೆ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿದ್ದವರು. ಆ ಬೀದಿಯ ಅರ್ಧ ಮನೆಗಳು ಅವರವೇ. ಸೊಂಟದ ಮೂಳೆ ಮುರಿದಮೇಲೆ ಅವರಿಗೆ ಚಕ್ರವಿರುವ ವಾಕರು ಬಂದಿತ್ತು. ಅದರ ಎರಡು ಚಕ್ರಗಳ ನಡುವಿನ ಬಳೆಗಳು, ಅಂದರೆ ಬುಶ್ಶುಗಳು, ಸವೆದು ಒಂದು ದಿನ ಅವರನ್ನು ಗೇಟಿನ ಹತ್ತಿರವೇ ಬೀಳಿಸಿಬಿಟ್ಟವು.

"ಈ ಗಾಡಿ ನನ್ ಮಾತ್ ಕೇಳಾಕಿಲ್ಲ ಸುಸೀಲಮ್ಮ. ನಾನ್ ಇಂಗ್ ಓದ್ರೆ ಅದು ಅಂಗ್ ಓಯ್ತದೆ" ಎಂದು ಹೇಳಿ ಕಳಿಸಿದರು. ಬಿದ್ದ ಭಯಕ್ಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು.

ಚಕ್ರಕ್ಕೆ ಎರಡರಂತೆ ನಾಲ್ಕು ಹಿತ್ತಾಳೆ ಬುಶ್ಶು ಬೇಕಿತ್ತು, ನಾಲ್ಕೂ ಒಂದೇ ಅಳತೆಯವು. ಮೊದಲನೆಯದು ಮಾಡುವಾಗಲೇ ಅನಾಹುತವಾಯಿತು. ಉಳಿಯನ್ನು ಹೊತ್ತು ಹಳಿಯ ಮೇಲೆ ಅತ್ತಿತ್ತ ಜರುಗುವ ಭಾಗಕ್ಕೆ ಕ್ಯಾರೇಜ್ ಎನ್ನುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಕಾಣದೆ ಅತ್ತೆ ಅದನ್ನು ಒಂದಿಷ್ಟು ಮುಂದಕ್ಕೆ ನಡೆಸಿಬಿಟ್ಟರು. ಉಳಿ ತಿರುಗುತ್ತಿದ್ದ ಚಕ್ಕಿಗೆ ಬಡಿದು ಮುರಿಯಿತು. ಚೂರು ಅವರ ಕಿವಿಯ ಪಕ್ಕದಿಂದ ಹಾರಿ ಗೋಡೆಯ ಕ್ಯಾಲೆಂಡರಿಗೆ ನಾಟಿಕೊಂಡಿತು.

ನನ್ನ ಗಂಡ ಗಿರೀಶನಿಗೆ ವೈಟ್‌ಫೀಲ್ಡಿನ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿಯ ಕೆಲಸ. ಅಪಾಯ ಎಂದರೇನು ಎಂದು ದಿನವೂ ನೋಡುವವನು. ಆ ಚೂರನ್ನು ಕ್ಯಾಲೆಂಡರಿನಿಂದ ಕಿತ್ತು ಅಮ್ಮನ ಅಂಗೈಯಲ್ಲಿಟ್ಟ.

"ಅಮ್ಮ, ಸಾಕು. ಲೇತ್‌ನ ಯಾರಿಗಾದ್ರೂ ಕೊಟ್ಬಿಡೋಣ."

ಅತ್ತೆ ವಾದಿಸಲಿಲ್ಲ. ಎರಡು ದಿನ ಮನೆಯೊಳಗೇ ಇದ್ದರು. ಮೂರನೆಯ ದಿನ ನಾನು ಸ್ಕೂಲಿನಿಂದ ಬಂದಾಗ ಕತ್ತಲಾಗುತ್ತಿದ್ದ ಅಡುಗೆಮನೆಯಲ್ಲಿ, ಆಗಲೇ ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆಯುತ್ತಿದ್ದರು. ನಾನು ದೀಪ ಹಾಕಿದೆ.

"ಒಂದು ತಡೆ ಬೇಕಷ್ಟೇ" ಅಂದರು, ನಾನು ಕೇಳದೆಯೇ. "ಹಳಿ ಮೇಲೆ ಬಿಗಿಯಾಗಿ ಕೂರೋ ಒಂದು ಕಬ್ಬಿಣದ ದಿಮ್ಮಿ. ಕ್ಯಾರೇಜ್ ಬಂದು ಅದಕ್ಕೆ ತಗುಲಿದ್ರೆ ನಿಂತ್ಕೋಬೇಕು. ಆಮೇಲೆ ನಾನು ನೋಡೋ ಅವಶ್ಯಕತೆನೇ ಇಲ್ಲ. ಪ್ರತಿ ಸಲ ಒಂದೇ ಜಾಗ."

"ನಿಮ್ಮಿಂದ ಮಾಡೋಕಾಗತ್ತಾ?"

"ಕೈ ನಂದು. ಕಣ್ಣು ನೀನು ಕೊಡಬೇಕು."

ಹೀಗೆ ನಾನು ಶನಿವಾರ ಮಧ್ಯಾಹ್ನ ಪೀಣ್ಯದ ಗುಜರಿ ಅಂಗಡಿಯೊಂದರ ಮುಂದೆ, ಪರೀಕ್ಷೆಯ ಉತ್ತರ ಪತ್ರಿಕೆಗಳ ಚೀಲ ಹೆಗಲಿಗೇರಿಸಿಕೊಂಡು ನಿಂತೆ. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದಪ್ಪದ ಕಬ್ಬಿಣದ ತುಂಡು ಬೇಕೆಂದೆ.

"ಯಾಕ್ ಮೇಡಂ, ಪೇಪರ್ ಹಾರದೇ ಇರೋಕಾ?"

"ಇಲ್ಲ, ಲೇತ್‌ಗೆ ಕ್ಯಾರೇಜ್ ಸ್ಟಾಪ್ ಮಾಡ್ತಿದೀವಿ" ಅಂದೆ. ನನ್ನ ಬಾಯಿಂದ ಬಂದ ಆ ಮಾತಿಗೆ ನಾನೇ ಬೆರಗಾದೆ. ಆತ ಕೈಯಲ್ಲಿದ್ದ ತುಂಡನ್ನು ಪಕ್ಕಕ್ಕಿಟ್ಟು ಒಳಗಿನಿಂದ ಬೇರೊಂದು ಒಳ್ಳೆಯ ತುಂಡು ತಂದುಕೊಟ್ಟ.

ನಮ್ಮ ಲೇತಿನ ಹಳಿ ಚಪ್ಪಟೆಯಲ್ಲ. ಹೆಂಚಿನ ಮಾಡಿನ ಹಾಗೆ ಏಣಿರುವಂಥದು. ದಿಮ್ಮಿಯ ತಳದಲ್ಲಿ ಅದಕ್ಕೆ ಸರಿಯಾಗಿ ಹೊಂದುವ ಕಚ್ಚು ಕಡಿಯಬೇಕಿತ್ತು. ಹೊಂದದಿದ್ದರೆ ತಡೆ ಜಾರುತ್ತದೆ, ಜಾರಿದರೆ ಅದು ಇದ್ದೂ ಇಲ್ಲದ ಹಾಗೆ. ಅತ್ತೆ ಗರಗಸದಿಂದ ಕೊಯ್ದು, ಮೂರು ಮೂಲೆಯ ಅರದಿಂದ ಉಜ್ಜತೊಡಗಿದರು. ಹಳಿಗೆ ತೆಳ್ಳಗೆ ನೀಲಿ ಬಣ್ಣ ಸವರಿ ದಿಮ್ಮಿಯನ್ನಿಟ್ಟು ಎತ್ತಿದರೆ, ಕಚ್ಚಿನಲ್ಲಿ ಉಬ್ಬಿದ ಜಾಗಕ್ಕೆ ಮಾತ್ರ ನೀಲಿ ಹತ್ತಿರುತ್ತದೆ. ಅಲ್ಲಿ ಉಜ್ಜಬೇಕು, ಮತ್ತೆ ಇಟ್ಟು ನೋಡಬೇಕು. ಎಲ್ಲ ಕಡೆಯೂ ಸಮನಾಗಿ ನೀಲಿ ಬಂದ ದಿನ ಕೆಲಸ ಮುಗಿಯಿತು ಎಂದರ್ಥ. ಆ ನೀಲಿಯನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂತು.

"ಎಲ್ಲಿದೆ?"

"ಬಲಗಡೆ ಸ್ವಲ್ಪ ಇದೆ ಅತ್ತೆ."

"ಸ್ವಲ್ಪ ಅಂದ್ರೆ ಎಷ್ಟು?"

"ಕೊಂಚ."

"ಅಯ್ಯೋ ಮಹರಾಯ್ತಿ, ಸ್ವಲ್ಪಕ್ಕೂ ಕೊಂಚಕ್ಕೂ ಎಷ್ಟು ವ್ಯತ್ಯಾಸ ಅದನ್ನಾದ್ರೂ ಹೇಳು!"

ಇಪ್ಪತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿದ ನನಗೆ ಒಂದು ಚುಕ್ಕೆಯನ್ನು ಬಣ್ಣಿಸಲು ಬರುತ್ತಿರಲಿಲ್ಲ. ಮೆಲ್ಲಗೆ ಕಲಿತೆ. ಬಲ ಅಂಚಿನಿಂದ ಒಂದು ಉಗುರು ಒಳಗೆ, ಸಾಸಿವೆ ಕಾಳಷ್ಟು. ಕಚ್ಚಿನ ಎಡ ಗೋಡೆಯ ಮೇಲ್ತುದಿಯಲ್ಲಿ, ಅಕ್ಕಿ ಕಾಳು ಅಡ್ಡ ಮಲಗಿದಷ್ಟು. ಅತ್ತೆ ಹೆಬ್ಬೆರಳನ್ನು ಅಲ್ಲಿಗೆ ಒಯ್ದು, ಹೌದು ಎಂದು ತಲೆಯಾಡಿಸಿ, ಅರ ಇಡುತ್ತಿದ್ದರು. ಒಂದು ಭಾನುವಾರ ಹೋಯಿತು, ಎರಡಾಯಿತು. ಮೂರನೆಯ ಭಾನುವಾರ ಅವರ ಬೆರಳ ಗೆಣ್ಣು ಸುಲಿದು ಕೆಂಪಾಗಿತ್ತು. ನೆತ್ತಿಯ ಶೀಟು ಕಾದು ಬೆವರು ಅವರ ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಕಚ್ಚಿನ ಒಂದು ಬದಿಯಲ್ಲಿ ಇನ್ನೂ ನೀಲಿ ಹತ್ತದ ಬೆಳ್ಳಗಿನ ಪಟ್ಟಿಯಿತ್ತು.

"ಈಗ?" ಅಂದರು.

"ಎಲ್ಲಾ ಕಡೆ ಬಂದಿದೆ ಅತ್ತೆ. ಮುಗೀತು."

ಅವರ ಮುಖ ಅರಳಿತು. ಮರುಕ್ಷಣವೇ ದಿಮ್ಮಿಯನ್ನು ಹಳಿಯ ಮೇಲಿಟ್ಟು, ಎರಡು ಮೂಲೆಗೆ ಎರಡು ಹೆಬ್ಬೆರಳನ್ನಿಟ್ಟು ಒತ್ತಿದರು. ಸದ್ದೇ ಇಲ್ಲದಷ್ಟು ಸಣ್ಣಗೆ ಅದು ಅಲ್ಲಾಡಿತು. ನನಗೆ ಕಾಣಲಿಲ್ಲ, ಅವರಿಗೆ ತಿಳಿಯಿತು.

"ಆಡ್ತಿದೆ" ಅಂದರು. "ನಿಂಗೆ ನನ್ ಕೈ ನೋಡಿ ಪಾಪ ಅನ್ನಿಸ್ತು, ಅಲ್ವಾ?"

"ಹೌದು ಅತ್ತೆ."

ಸಿಟ್ಟು ಮಾಡುತ್ತಾರೆಂದುಕೊಂಡೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮೆತ್ತಗೆ ಹೇಳಿದರು: "ಎಲ್ಲರೂ ಹಿಂಗೇ ಶುರು ಮಾಡಿದಾರೆ ಕಣೇ. ಏನ್ ಕೇಳಿದ್ರೂ ಚೆನ್ನಾಗಿದೆ ಅಂತಾರೆ. ನೀನೂ ಅಂದ್ರೆ ನಾನು ಇನ್ಯಾರನ್ನ ಕೇಳ್ಲಿ? ನಂಗೆ ಪಾಪ ಬೇಡ. ಅಳತೆ ಹೇಳು."

ದಿಮ್ಮಿಯನ್ನು ಬೆಳಕಿಗೆ ಹಿಡಿದು, "ಎಡ ಗೋಡೆಯ ನಡುವೆ ಅರ್ಧ ಬೆರಳುದ್ದ ಏನೂ ಬಂದಿಲ್ಲ. ಅದರ ಎರಡೂ ಕೊನೇಲಿ ಕಡಲೆಬೇಳೆಯಷ್ಟು ನೀಲಿ" ಎಂದೆ. ಅವರು ಅರ ಎತ್ತಿಕೊಂಡರು. ಇನ್ನೂ ಎರಡು ಭಾನುವಾರ ಹಿಡಿಯಿತು.

ತೂತು ಕೊರೆಯಲು ಗಿರೀಶನ ಡ್ರಿಲ್ಲೇ ಬೇಕಾಯಿತು. ಬೇಡದ ಮನಸ್ಸಿನಿಂದ ಬಂದವನು ದಿಮ್ಮಿಯನ್ನು ತಿರುಗಿಸಿ ತಿರುಗಿಸಿ ನೋಡಿದ, "ಇದನ್ನ ಕೈಯಲ್ಲೇ ಉಜ್ಜಿದ್ದಾ?" ಎಂದು ಕೇಳಿ, ಮೂರು ತೂತು ಕೊರೆದುಕೊಟ್ಟ. ಎರಡಕ್ಕೆ ಬೋಲ್ಟು, ಹಳಿಯ ಕೆಳಗೆ ಇಡುವ ಇನ್ನೊಂದು ಪಟ್ಟಿಯನ್ನು ದಿಮ್ಮಿಯತ್ತ ಎಳೆದು ಬಿಗಿಯಲು. ಒಂದಕ್ಕೆ ಉದ್ದದ ತಿರುಪು, ಕ್ಯಾರೇಜ್ ನಿಲ್ಲುವ ಜಾಗವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಲು. ಆಮೇಲೆ ಲಿಫ್ಟು ಪರೀಕ್ಷಿಸುವ ಗತ್ತಿನಲ್ಲಿ ಕೈಕಟ್ಟಿ ನಿಂತ. ಅತ್ತೆ ಕಣ್ಣು ಪೂರ್ತಿ ಮುಚ್ಚಿ, ಹಿಡಿಚಕ್ರ ತಿರುಗಿಸಿ ಕ್ಯಾರೇಜ್ ಓಡಿಸಿದರು. ಟಕ್. ಚಕ್ಕಿಗೆ ಎರಡು ಬೆರಳು ಈಚೆಗೆ ನಿಂತಿತು. ಗಿರೀಶ ಹತ್ತು ಸಲ ಮಾಡಿಸಿದ. ಹತ್ತು ಸಲವೂ ಅಲ್ಲೇ.

"ಕ್ಯಾರೇಜ್‌ನ ಕೈಯಲ್ಲೇ ತಿರುಗಿಸಿ ಓಡಿಸ್ಬೇಕು. ಮೋಟಾರಿಗೆ ಕೊಟ್ಟು ಓಡಿಸಿದ್ರೆ ತಡೆಗೆ ಗುದ್ದಿ ಏನಾದ್ರೂ ಮುರಿಯತ್ತೆ" ಅಂದ. "ಮತ್ತೆ ಪಕ್ಕದಲ್ಲಿ ಒಬ್ರು ಇರ್ಲೇಬೇಕು."

"ಸರಿ ಸಾರ್" ಅಂದರು ಅತ್ತೆ.

ಮುಂದಿನ ವಾರ ನಾಲ್ಕು ಬುಶ್ಶುಗಳೂ ಆದವು. ನಾನು ಅಳೆದೆ, ನಾಲ್ಕೂ ಒಂದೇ. ಅವನ್ನು ವಾಕರಿಗೆ ಕೂರಿಸಿದ ದಿನ ಮುನಿಯಮ್ಮ ಗೇಟು ದಾಟಿ, ಬೀದಿಯ ಕೊನೆಯ ಹೊಂಗೆ ಮರದವರೆಗೆ ನಡೆದರು. ಅಲ್ಲಿ ತಿರುಗಿ ನಿಂತು, "ಏ ಸುಸೀಲಮ್ಮ, ನೆಟ್ಟಗ್ ಓಯ್ತದೆ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಗೇಟಿನಲ್ಲೇ ನಿಂತಿದ್ದ ಅತ್ತೆಗೆ ಅಷ್ಟು ದೂರದ ಮುನಿಯಮ್ಮ ಕಾಣುತ್ತಿರಲಿಲ್ಲ. ಕೂಗು ಬಂದ ಕಡೆಗೆ ಕೈಯೆತ್ತಿ ಬೀಸಿದರು.

ಆ ತಡೆಯ ಬಲದಿಂದ ಅತ್ತೆ ಮತ್ತೆ ಮೂರು ವರ್ಷ ಲೇತ್ ನಡೆಸಿದರು. ಒಂದು ಬೆಳಿಗ್ಗೆ ತಾವೇ ಸ್ವಿಚ್ಚು ಆರಿಸಿ, ಯಾರೂ ಹೇಳದೆಯೇ, "ಇನ್ನು ಸಾಕು" ಅಂದರು. ಹೆಣ್ಣುಮಕ್ಕಳಿಗೆ ಯಂತ್ರದ ಕೆಲಸ ಕಲಿಸುವ ಪೀಣ್ಯದ ಶೆಡ್ ಒಂದಕ್ಕೆ ಅದು ಹೋಯಿತು. ಟೆಂಪೋ ತಿರುವಿನಲ್ಲಿ ಮರೆಯಾದಾಗ ಅತ್ತಿದ್ದು ಅತ್ತೆಯಲ್ಲ, ಗಿರೀಶ.

ಈಗ ಅತ್ತೆಗೆ ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ತಿಳಿಯುವುದಿಲ್ಲ. ಇವತ್ತು ಸಂಜೆ ನಾನು ಮನೆಗೆ ಬಂದು ಅವರ ಪಕ್ಕದಲ್ಲಿ ಕೂತು ಜಡೆ ಬಿಚ್ಚುತ್ತಿದ್ದೆ. ಅವರು ಇದ್ದಕ್ಕಿದ್ದಂತೆ ಕೇಳಿದರು: "ನಿನ್ ಕೂದ್ಲು ಬೆಳ್ಳಗಾಯ್ತೇನೇ?"

ಯಾರು ಕೇಳಿದರೂ ನಕ್ಕು ಹಾರಿಸುವ ಪ್ರಶ್ನೆ ಅದು.

"ಆಗಿದೆ ಅತ್ತೆ. ಬೈತಲೆಯ ಎರಡೂ ಕಡೆ, ಎರಡು ಬೆರಳಗಲ."

ಅವರ ಕೈ ಗಾಳಿಯಲ್ಲಿ ತಡವರಿಸಿ ನನ್ನ ಹಣೆ ಮುಟ್ಟಿತು, ಬೈತಲೆ ಹುಡುಕಿತು. ಒಂದು ಕಡೆ ಎರಡು ಬೆರಳನ್ನಿಟ್ಟರು, ಇನ್ನೊಂದು ಕಡೆ ಎರಡು. ಹಾಗೇ ಇಟ್ಟುಕೊಂಡರು.

"ನೀನು ಈ ಮನೆಗೆ ಬಂದಾಗ ಒಂದೂ ಇರ್ಲಿಲ್ಲ" ಅಂದರು.